ಒಲೆಗೆ ಅಂಕವಿಲ್ಲ

ದಮ್ಮು ಹತ್ತಿದವರನ್ನು ಕಂಡಾಗ ನಮ್ಮ ಬಾಯಿಗೆ ಮೊದಲು ಬರುವ ಪ್ರಶ್ನೆ ಬೀಡಿಯದು. ‘ಬೀಡಿ ಸೇದ್ತಿದ್ದೇನು?’ ಅಂತ ಕೇಳುತ್ತೇವೆ. ಗಂಡಸು ಹೌದೆಂದು ತಲೆ ತಗ್ಗಿಸುತ್ತಾನೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸಿನಲ್ಲೇ ತೀರ್ಪು ಬರೆದು ನಮ್ಮ ದಾರಿ ಹಿಡಿಯುತ್ತೇವೆ. ಅದೇ ಪ್ರಶ್ನೆಯನ್ನು ಪಕ್ಕದಲ್ಲೇ ಗೋಡೆಗೊರಗಿ ಕೂತು, ಒಂದೊಂದು ಉಸಿರಿಗೂ ಹೆಗಲೆತ್ತುತ್ತಿರುವ ಅರವತ್ತರ ಹೆಂಗಸಿಗೆ ಕೇಳಿ ನೋಡಿ. ‘ಯಪ್ಪಾ, ನಾನ್ಯಾಕ ಬೀಡಿ ಸೇದ್ಲಿ?’ ಎನ್ನುತ್ತ ನಗಲು ಹೋಗಿ ಕೆಮ್ಮುತ್ತಾಳೆ. ಆಕೆಗೆ ಕೇಳಲು ನಮ್ಮಲ್ಲಿ ಎರಡನೆಯ ಪ್ರಶ್ನೆಯೇ ಇಲ್ಲ. ವಯಸ್ಸಾಯಿತು, ಥಂಡಿ ಆಗಿಬರುವುದಿಲ್ಲ, ದೇವರ ಇಚ್ಛೆ ಎಂದು ಏನಾದರೊಂದು ಹೇಳಿ ಮುಗಿಸುತ್ತೇವೆ.

ಹಡಗಲಿ ತಾಲ್ಲೂಕಿನ ಇಟ್ಟಿಗಿ ಸುತ್ತಿನ ಹಳ್ಳಿಗಳಲ್ಲಿ, ಅಲ್ಲಿಂದ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವರೆಗೆ ಹಬ್ಬಿದ ಈ ಒಣಭೂಮಿಯ ಊರುಗಳಲ್ಲಿ ಬೀಡಿ ಮುಟ್ಟದೆಯೂ ದಮ್ಮು ಅಂಟಿಸಿಕೊಂಡ ಇಂಥ ಹೆಂಗಸರು ಅಪರೂಪವಲ್ಲ. ಬಹಳ ದಿನದಿಂದ ನಾನು ಯೋಚಿಸುತ್ತಿರುವುದು ಅವರ ಬಗ್ಗೆಯೇ. ಶ್ವಾಸಕೋಶದ ಕಾಯಿಲೆಯನ್ನು ಚಟದ ಫಲವೆಂದೇ ನಾವು ತಿಳಿದುಕೊಂಡು ಬಂದಿದ್ದೇವೆ. ಈ ಸೀಮೆಯಲ್ಲಿ ಅದು ಎಷ್ಟೋ ಸಲ ಸೇವೆಯ ಫಲ, ದುಡಿಮೆಯ ಫಲ. ಬೇರೆಯವರ ಹೊಟ್ಟೆ ತುಂಬಿಸಿದವರ, ಬೇರೆಯವರ ಮನೆ ಕಟ್ಟಿದವರ ಎದೆಯಲ್ಲಿ ಅದು ಬಂದು ಕೂತಿದೆ.

ಜಗತ್ತಿನ ಲೆಕ್ಕವೂ ಇದಕ್ಕೆ ಸಾಕ್ಷಿ. ಉಸಿರುನಾಳಗಳು ವರ್ಷ ವರ್ಷಕ್ಕೆ ಕಿರಿದಾಗುತ್ತ ಹೋಗಿ, ಮತ್ತೆ ಪೂರ್ತಿ ಹಿಗ್ಗದೆ ಉಳಿಯುವ ಕಾಯಿಲೆಗೆ ವೈದ್ಯರು ಸಿಒಪಿಡಿ ಎನ್ನುತ್ತಾರೆ. 2019ರಲ್ಲಿ ಇದರಿಂದ ಸತ್ತವರು ಸುಮಾರು 32 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎಪ್ಪತ್ತು ತುಂಬುವ ಮೊದಲೇ ಇದಕ್ಕೆ ಬಲಿಯಾಗುವವರಲ್ಲಿ ನೂರಕ್ಕೆ ಸುಮಾರು 90 ಮಂದಿ ಬಡ ಮತ್ತು ಮಧ್ಯಮ ವರಮಾನದ ದೇಶಗಳವರು. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ ನೂರಕ್ಕೆ 70ಕ್ಕೂ ಹೆಚ್ಚು ಪಾಲು ತಂಬಾಕಿನಿಂದ ಬರುತ್ತದೆ. ನಮ್ಮಂಥ ದೇಶಗಳಲ್ಲಿ ತಂಬಾಕಿನ ಪಾಲು 30ರಿಂದ 40 ಮಾತ್ರ. ಉಳಿದದ್ದರಲ್ಲಿ ಮನೆಯೊಳಗಿನ ಹೊಗೆಯ ಪಾಲು ದೊಡ್ಡದು.

ಭಾರತದ ಅಂಕಿ ಇನ್ನೂ ಎದೆ ಹಿಂಡುತ್ತದೆ. 1990ರಲ್ಲಿ ಈ ಕಾಯಿಲೆಯವರು 2.81 ಕೋಟಿ ಇದ್ದರು, 2016ಕ್ಕೆ 5.53 ಕೋಟಿ ಆದರು. ಜನಸಂಖ್ಯೆ ಬೆಳೆದದ್ದು, ಆಯುಷ್ಯ ಹೆಚ್ಚಿದ್ದು ಇದರಲ್ಲಿ ಒಂದು ಪಾಲು, ಅದನ್ನು ಬಿಟ್ಟು ಹೇಳಿದರೆ ಲೆಕ್ಕ ಸುಳ್ಳಾಗುತ್ತದೆ. ಆದರೂ 2016ರಲ್ಲಿ ಜಗತ್ತಿನ ಜನರಲ್ಲಿ ನೂರಕ್ಕೆ 18ರಷ್ಟಿದ್ದ ನಾವು ದೀರ್ಘಕಾಲದ ಉಸಿರಾಟದ ಕಾಯಿಲೆಗಳ ಭಾರದಲ್ಲಿ ನೂರಕ್ಕೆ 32ರಷ್ಟನ್ನು ಹೊತ್ತಿದ್ದೆವು. ಈ ಅಂಕಿಗಳನ್ನು ಕೊಟ್ಟ, 2018ರಲ್ಲಿ ಪ್ರಕಟವಾದ ಅಧ್ಯಯನ ಕಾರಣಗಳನ್ನೂ ಬಿಡಿಸಿಟ್ಟಿತು. ಸಿಒಪಿಡಿಯ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ನೂರಕ್ಕೆ 53.7ರಷ್ಟು, ಒಳಗಿನ ಮತ್ತು ಹೊರಗಿನ ಕೆಟ್ಟ ಗಾಳಿಯದು. ತಂಬಾಕಿನದು 25.4, ಕೆಲಸದ ಜಾಗದ ದೂಳು ಹೊಗೆಯದು 16.5. ಬೀಡಿ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ, ಕಾಲುಪಾಲು ಅಂದರೆ ಕಡಿಮೆಯಲ್ಲ. ಆದರೆ ನಾವು ಕೇಳುವ ಏಕೈಕ ಪ್ರಶ್ನೆ ಕಾಲುಪಾಲಿನ ಕಾಯಿಲೆಗೆ ಸಂಬಂಧಿಸಿದ್ದು. ಮಿಕ್ಕ ಮುಕ್ಕಾಲನ್ನು ನಾವು ಕೇಳದೆಯೇ ಬಿಟ್ಟಿದ್ದೇವೆ.

ಯಾಕೆ ಬಿಟ್ಟೆವು ಎಂಬುದಕ್ಕೆ ಉತ್ತರ ಅಡುಗೆಮನೆಯಲ್ಲಿದೆ. ಈ ಕಡೆಯ ಊಟ ಅಂದರೆ ಜೋಳದ ರೊಟ್ಟಿ. ಹೊಲಕ್ಕೆ ಹೋಗುವ ಗಂಡಸರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ, ಬುತ್ತಿಗೆ, ರಾತ್ರಿಯ ಊಟಕ್ಕೆ ಎಂದು ಲೆಕ್ಕ ಹಾಕಿದರೆ ತುಂಬಿದ ಮನೆಯಲ್ಲಿ ಬೆಳಗಿನ ಹೊತ್ತಿಗೇ ಇಪ್ಪತ್ತು ಮೂವತ್ತು ರೊಟ್ಟಿ ಆಗಬೇಕು. ಎಸರು ಕುದಿಸಿ, ಹಿಟ್ಟು ನಾದಿ, ತಟ್ಟಿ, ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಕಡೆಗೆ ಒಲೆಯ ಬಾಯಲ್ಲಿ ಕೆಂಡದ ಎದುರಿಗೆ ನಿಲ್ಲಿಸಿ ಉಬ್ಬಿಸಬೇಕು. ಅಷ್ಟೂ ಹೊತ್ತು ಆಕೆಯ ಮುಖ ಒಲೆಯಿಂದ ಮೊಳದಷ್ಟು ದೂರದಲ್ಲಿರುತ್ತದೆ. ಉರಿಸುವುದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಬಳ್ಳಾರಿ ಜಾಲಿ, ಮೆಕ್ಕೆಜೋಳದ ಬೆಂಡು, ಕುಳ್ಳು. ಬೆಂಡು ಬೇಗ ಹತ್ತಿ ಬೇಗ ಆರುತ್ತದೆ, ಆರಿದ ಹೊತ್ತಿನಲ್ಲೇ ಹೊಗೆ ಜಾಸ್ತಿ. ಊದುಗೊಳವೆಗೆ ಬಾಯಿಟ್ಟು ಊದಬೇಕು, ಊದಿ ಮುಗಿದ ಮೇಲೆ ಎಳೆದುಕೊಳ್ಳುವ ದೊಡ್ಡ ಉಸಿರಿಗೆ ಆ ಹೊಗೆಯೇ ಸಿಗುವುದು. ಮಳೆಗಾಲದಲ್ಲಿ ಹಸಿ ಕಟ್ಟಿಗೆಯಾದರೆ ಇಡೀ ಮನೆ ಕಣ್ಣುಜ್ಜಿಕೊಂಡು ಹೊರಗೆ ಬರುತ್ತದೆ. ರೊಟ್ಟಿ ಮಾಡುವವಳು ಮಾತ್ರ ಬರುವ ಹಾಗಿಲ್ಲ. ಹಳೆಯ ಮಾಳಿಗೆಮನೆಗಳಲ್ಲಿ ಮೇಲೊಂದು ಬೆಳಕಿಂಡಿ ಇರುತ್ತಿತ್ತು, ಹೊಗೆ ಒಂದಿಷ್ಟಾದರೂ ಹೊರಹೋಗುತ್ತಿತ್ತು. ಅದರ ಜಾಗಕ್ಕೆ ಬಂದ ತಗಡಿನ ಮನೆ, ಆರ್‌ಸಿಸಿ ಮನೆಗಳ ಅಡುಗೆಕೋಣೆಯಲ್ಲಿ ಎಷ್ಟೋ ಕಡೆ ಅದೂ ಇಲ್ಲ.

ಈ ಹೊಗೆಗೆ ಲೆಕ್ಕವಿದೆ, ಮತ್ತು ಆ ಲೆಕ್ಕ ಮಾಡಿದ್ದು ನಮ್ಮ ನಾಡಿನಲ್ಲೇ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ಗಡಿ ಗುರುತಿಸಿದರು. ದಿನಕ್ಕೆ ಒಲೆಯ ಮುಂದೆ ಕೂರುವ ಗಂಟೆಗಳನ್ನು ಹಾಗೆ ಕೂತ ವರ್ಷಗಳಿಂದ ಗುಣಿಸಿ. ಆ ಮೊತ್ತ 60 ಮುಟ್ಟಿದರೆ ಬಿಡದ ಕೆಮ್ಮು ಕಫದ ಕಾಯಿಲೆ, ವೈದ್ಯರು ಹೇಳುವ ಕ್ರಾನಿಕ್ ಬ್ರಾಂಕೈಟಿಸ್, ಅಂಟಿಕೊಳ್ಳುವ ಅಪಾಯ ಶುರುವಾಗುತ್ತದೆ. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ: ಅರವತ್ತು. ಹದಿನೆಂಟಕ್ಕೆ ಮದುವೆಯಾಗಿ ಬಂದವಳು ಮೂವತ್ತೆಂಟಕ್ಕೆ ಈ ಗಡಿ ಮುಟ್ಟುತ್ತಾಳೆ. ತವರಿನಲ್ಲೇ ಹನ್ನೆರಡರಿಂದ ಒಲೆ ಹಿಡಿದಿದ್ದರೆ ಇನ್ನೂ ಮೊದಲೇ. ನಮ್ಮ ಅತ್ತೆಯಂದಿರ, ಅಜ್ಜಿಯಂದಿರ ಲೆಕ್ಕ ನೂರು ದಾಟಿದ್ದರೆ ಆಶ್ಚರ್ಯವಿಲ್ಲ. ಈ ಗುಣಾಕಾರವನ್ನು ಮೂರನೇ ತರಗತಿಯ ಮಗು ಮಾಡಬಲ್ಲದು. ಒಂದು ಮನೆಯ ಅನ್ನ ರೊಟ್ಟಿಯ ಪುಣ್ಯವನ್ನು ನಾವು ಎಷ್ಟು ಸಾವಿರ ಸಲ ಹೊಗಳಿದ್ದೇವೆ, ಈ ಮೊತ್ತವನ್ನು ಒಂದು ಸಲವೂ ಕೂಡಿಸಿ ನೋಡಲಿಲ್ಲ.

ಗ್ಯಾಸ್ ಬಂತಲ್ಲ ಎಂದು ಕೇಳುವವರಿದ್ದಾರೆ. ಬಂತು, ಅದು ಸಣ್ಣ ಮಾತಲ್ಲ. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಯಿತು. ದೇಶದಲ್ಲಿ ಗ್ಯಾಸಿನಂಥ ಶುದ್ಧ ಇಂಧನದ ಮೇಲೆ ಅಡುಗೆ ಮಾಡುವ ಮನೆಗಳು 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 43.8 ಇದ್ದವು, 2019–21ರ ಸಮೀಕ್ಷೆಗೆ 58.6 ಆದವು. ಕರ್ನಾಟಕ ಇದರಲ್ಲಿ ದೇಶಕ್ಕಿಂತ ಬಹಳ ಮುಂದಿದೆ. ಆದರೆ ಸಮೀಕ್ಷೆ ಕೇಳುವುದು ಮುಖ್ಯವಾಗಿ ಯಾವುದರ ಮೇಲೆ ಅಡುಗೆ ಎಂದು. ಈ ಸೀಮೆಯ ಹೆಂಗಸು ಚಹಾ, ಅನ್ನ, ಸಾರು ಗ್ಯಾಸಿನ ಮೇಲೆ ಮಾಡುತ್ತಾಳೆ, ರೊಟ್ಟಿಗೂ ಹಂಡೆಯ ಬಿಸಿನೀರಿಗೂ ಒಲೆಯನ್ನೇ ಹಚ್ಚುತ್ತಾಳೆ. ‘ಗ್ಯಾಸಿನ ಮ್ಯಾಲಿನ ರೊಟ್ಟಿ ಉಬ್ಬಂಗಿಲ್ಲ, ರುಚೀನೂ ಇಲ್ಲ’ ಎಂಬ ಮಾತು ಮನೆಮನೆಯದು. ಅದರ ಹಿಂದೆ ರುಚಿಗಿಂತ ದೊಡ್ಡ ಕಾರಣ ಇದೆ. ದಿನಾ ಮೂವತ್ತು ರೊಟ್ಟಿ ಸುಟ್ಟರೆ ಸಿಲಿಂಡರ್ ತಿಂಗಳು ಬರುವುದಿಲ್ಲ, ಇನ್ನೊಂದು ತುಂಬಿಸಲು ಎರಡು ಮೂರು ದಿನದ ಕೂಲಿ ಬೇಕು. ಹೊಲದ ಕಟ್ಟಿಗೆಗೆ ದುಡ್ಡಿಲ್ಲ. ಆಕೆಯ ಉಸಿರಿಗೂ ದುಡ್ಡಿಲ್ಲ, ಹಾಗಾಗಿ ಯಾರೂ ಅದನ್ನು ಖರ್ಚಿಗೆ ಹಿಡಿಯುವುದಿಲ್ಲ. ಬಡತನವನ್ನು ದೂರಿ ನಾನು ಈ ಮಾತು ಹೇಳುತ್ತಿಲ್ಲ. ಕೈ ಗಟ್ಟಿಯಿರುವ ಮನೆಗಳಲ್ಲೂ ಬೈಕು, ಟಿವಿ, ಬೋರ್‌ವೆಲ್ ಮೋಟರು ಎಲ್ಲ ಬಂದ ಮೇಲೆಯೂ ಅಡುಗೆಮನೆಯ ಮಾಡಿಗೆ ಒಂದು ಹೊಗೆಕೊಳವೆ ಬಂದಿಲ್ಲ. ಅದು ನನ್ನನ್ನು ಕಾಡುತ್ತದೆ.

ಯಾಕೆಂದರೆ ಒಂದು ಕೊಳವೆ ಏನು ಮಾಡಬಲ್ಲದು ಎಂಬುದು ಗೊತ್ತಿಲ್ಲದ ಸಂಗತಿಯಲ್ಲ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಶುವಾನ್‌ವೇ ಎಂಬ ಸೀಮೆಯಿದೆ. ಅಲ್ಲಿಯ ರೈತರು ಮನೆಯೊಳಗೆ ನೆಲದಲ್ಲಿ ಗುಂಡಿ ತೋಡಿ ಹೊಗೆಕಲ್ಲಿದ್ದಲು ಉರಿಸುತ್ತಿದ್ದರು. ಹೆಂಗಸರು ಸಿಗರೇಟು ಮುಟ್ಟುತ್ತಿರಲಿಲ್ಲ ಅಂದರೂ ಸರಿ, ಆದರೂ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಹೆಂಗಸರ ಪ್ರಮಾಣ ಇಡೀ ಚೀನಾದಲ್ಲೇ ಅತಿ ಹೆಚ್ಚಿನದಾಗಿತ್ತು. 1970ರ ದಶಕದಿಂದ ಅಲ್ಲಿ ಹೊಗೆಕೊಳವೆಯಿರುವ ಒಲೆಗಳು ಬರತೊಡಗಿದವು. ಇಂಧನ ಬದಲಾಗಲಿಲ್ಲ, ಅದೇ ಕಲ್ಲಿದ್ದಲು. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ರೈತರನ್ನು 1976ರಿಂದ 1992ರವರೆಗೆ ಹಿಂಬಾಲಿಸಿದ ಸಂಶೋಧಕರು ಕಂಡದ್ದು ಇದು: ಕೊಳವೆ ಹಾಕಿಸಿಕೊಂಡ ಮನೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸಿಒಪಿಡಿ ಗಂಡಸರಲ್ಲಿ ನೂರಕ್ಕೆ 42ರಷ್ಟು, ಹೆಂಗಸರಲ್ಲಿ 25ರಷ್ಟು ತಗ್ಗಿತು. ಆದರೆ ಈ ಇಳಿಕೆ ಸ್ಪಷ್ಟವಾಗಿ ಕಾಣಿಸಲು ಹತ್ತು ವರ್ಷ ಹಿಡಿಯಿತು. ಶ್ವಾಸಕೋಶದ ಕಾಯಿಲೆಯ ನಡೆಯೇ ಹಾಗೆ. ಇಂದಿನ ರೋಗಿಗಳ ಸಂಖ್ಯೆ ಇಪ್ಪತ್ತು ಮೂವತ್ತು ವರ್ಷದ ಹಿಂದಿನ ನಮ್ಮ ಅಲಕ್ಷ್ಯದ ಫಲ, ಇಂದು ಹಾಕಿಸಿದ ಕೊಳವೆಯ ಫಲ ಮುಂದಿನ ಸೊಸೆಗೆ. ಐದು ವರ್ಷಕ್ಕೊಮ್ಮೆ ಮತ ಎಣಿಸುವವರಿಗೆ ಇಷ್ಟು ಕಾಯುವ ಪುರುಸೊತ್ತಿಲ್ಲ.

ನಮಗೂ ಅಂಥ ಒಲೆ ಸಿಕ್ಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಹಳ್ಳಿಯಲ್ಲಿ ಅವರು ನೆಲೆ ಹೂಡಿ ಕೆಲಸ ಮಾಡಿದರು. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ರೂಪಿಸಿದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆ ಕೂರುತ್ತಿದ್ದವು, ಕಟ್ಟಿಗೆ ಕಡಿಮೆ ಸಾಕಾಗುತ್ತಿತ್ತು, ಹೊಗೆ ಕೊಳವೆಯಿಂದ ಮಾಡಿನಾಚೆ ಹೋಗುತ್ತಿತ್ತು. ಎಂಬತ್ತರ ದಶಕದಲ್ಲಿ ಸರ್ಕಾರ ಅದನ್ನು ಹಳ್ಳಿಹಳ್ಳಿಗೆ ಕೊಂಡೊಯ್ದಿತು. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಂತುಹೋಯಿತು. ಕೊಳವೆಯಲ್ಲಿ ಮಸಿ ಕಟ್ಟಿದರೆ ತೆಗೆಯುವವರು, ಬಿರುಕು ಬಿಟ್ಟರೆ ಮೆತ್ತುವವರು ಇಲ್ಲದೆ ಎಷ್ಟೋ ಒಲೆಗಳು ಬಿದ್ದುಹೋದವು. ಹ್ಯಾಂಡ್‌ಪಂಪ್ ಕೆಟ್ಟರೆ ಪಂಚಾಯಿತಿಗೆ ದೂರು ಹೋಗುತ್ತದೆ. ಒಲೆ ಕೆಟ್ಟರೆ ದೂರು ಕೊಡುವುದು ಯಾರಿಗೆ? ಅಡುಗೆಮನೆ ಮನೆಯವರ ಖಾಸಗಿ ಸಂಗತಿ ಎಂದು ಊರು ನಂಬಿತ್ತು, ಸರ್ಕಾರವೂ ನಂಬಿತು.

ಹೆಂಗಸರ ಕಥೆ ಹೀಗಾದರೆ ಗಂಡಸರದು ಊರ ಹೊರಗಿನದು. ಮಳೆ ಕೈಕೊಟ್ಟ ವರ್ಷ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ತಾಂಡಾಗಳು, ಕೇರಿಗಳು ಗುಳೆ ಹೋಗುತ್ತವೆ. ಕೆಲವರು ಕಬ್ಬು ಕಡಿಯಲು, ಕೆಲವರು ಕಾಫಿತೋಟಕ್ಕೆ, ಬಹಳಷ್ಟು ಮಂದಿ ಬೆಂಗಳೂರಿನ ಕಟ್ಟಡಗಳಿಗೆ. ಅಲ್ಲಿ ಟೈಲ್ಸ್ ಕತ್ತರಿಸುವ ಹುಡುಗನನ್ನು ಹತ್ತಿರದಿಂದ ನೋಡಬೇಕು. ಕಿಟಕಿ ಕೂಡಿಸದ ಕೋಣೆ, ಕುಕ್ಕರುಗಾಲಲ್ಲಿ ಕೂತು ಕೈಯಲ್ಲಿ ಹಿಡಿದ ಕಟಿಂಗ್ ಮಷಿನ್, ಮುಖಕ್ಕೆ ಸುತ್ತಿದ ಟವೆಲ್. ಮಷಿನ್ ಕಲ್ಲಿಗೆ ತಗುಲಿದ ಕ್ಷಣಕ್ಕೆ ಕೋಣೆ ಬೆಳ್ಳಗಾಗುತ್ತದೆ. ರೆಪ್ಪೆ, ಹುಬ್ಬು, ಕೂದಲು ಎಲ್ಲ ಬಿಳಿ. ಕಣ್ಣಿಗೆ ಕಾಣುವ ಆ ದಪ್ಪ ದೂಳು ಮೂಗು ಗಂಟಲಲ್ಲೇ ನಿಲ್ಲುತ್ತದೆ. ಕೊಲ್ಲುವುದು ಕಾಣದ ಸಣ್ಣ ಪುಡಿ, ಅದಕ್ಕೆ ಟವೆಲ್ ಅಡ್ಡವಲ್ಲ. ಬೆಣಚುಕಲ್ಲಿನ ಅಂಶ, ಅಂದರೆ ಸಿಲಿಕಾ, ಗಾಳಿಗೂಡುಗಳ ತಳ ಸೇರುತ್ತದೆ. ಅದನ್ನು ನುಂಗಿ ತೆಗೆಯಲು ಬಂದ ಕಾವಲು ಕೋಶಗಳು ತಾವೇ ಸಾಯುತ್ತವೆ, ಆ ಜಾಗ ಗಾಯವಾಗಿ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟು ಊರಿಗೆ ಬಂದ ಮೇಲೂ ಅದು ಬೆಳೆಯಬಲ್ಲದು, ಗುಣಪಡಿಸುವ ಔಷಧಿಯಿಲ್ಲ. ಎಕ್ಸ್‌ರೇಯಲ್ಲಿ ಕ್ಷಯದಂತೆ ಕಾಣಿಸುವುದರಿಂದ ಎಷ್ಟೋ ಕಡೆ ಕ್ಷಯದ ಮಾತ್ರೆಯಷ್ಟೇ ಕೊಟ್ಟು ಕಳಿಸುತ್ತಾರೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯವೂ ಬೇಗ ತಗುಲುತ್ತದೆ ಎಂಬುದು ಇನ್ನೊಂದು ಸಂಕಟ. ಕತ್ತರಿಸುವ ಜಾಗಕ್ಕೆ ನೀರು ಬಿಡುತ್ತಿದ್ದರೆ ದೂಳು ಏಳುವುದು ಬಹಳ ಕಡಿಮೆಯಾಗುತ್ತದೆ. ಒಂದು ಪೈಪು, ಒಂದು ಬಕೆಟ್ ನೀರು. ಅದಕ್ಕೂ ನೆಲ ಗಲೀಜಾಗುತ್ತದೆ, ಕೆಲಸ ತಡವಾಗುತ್ತದೆ ಎಂಬ ಮಾತು ಬರುತ್ತದೆ.

ಇದು ಇಂದು ನಿನ್ನೆ ತಿಳಿದದ್ದಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ನಮ್ಮ ಕೋಲಾರದ ಚಿನ್ನದ ಗಣಿಗಳಿಂದ, 1934ರಲ್ಲಿ. ಆಮೇಲೆ 7,653 ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43.7ರಷ್ಟು ಮಂದಿಯಲ್ಲಿ ಈ ಕಾಯಿಲೆ ಇತ್ತೆಂದು 1947ರಲ್ಲಿ ಪ್ರಕಟವಾಯಿತು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದ ಊರು ಅದು. ಮೈಸೂರು ಸಂಸ್ಥಾನದ ಹೆಮ್ಮೆಯ ಪುಟಗಳಲ್ಲಿ ಆ ವಿದ್ಯುತ್ತು ಇದೆ, ಚಿನ್ನ ಇದೆ. 43.7 ಎಂಬ ಅಂಕಿಯನ್ನು ನಾನು ಯಾವ ಶಾಲೆಯ ಪಠ್ಯದಲ್ಲೂ ಓದಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರು ಇದೇ ಕಾಯಿಲೆಗಾಗಿ ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. ಅಲ್ಲಿಯ ಗಣಿ ಕಂಪನಿಗಳು 2018ರಲ್ಲಿ ಪರಿಹಾರಕ್ಕೆ ಒಪ್ಪಿದವು, 2019ರಲ್ಲಿ ಜೋಹಾನೆಸ್‌ಬರ್ಗಿನ ಹೈಕೋರ್ಟು ಅದಕ್ಕೆ ಮುದ್ರೆ ಒತ್ತಿತು. ಆಸ್ಟ್ರೇಲಿಯಾ ಅಡುಗೆಕಟ್ಟೆಗೆ ಹಾಕುವ ಕೃತಕ ಬೆಣಚುಕಲ್ಲಿನ ಹಲಗೆಗಳನ್ನು 2024ರ ಜುಲೈ 1ರಿಂದ ಪೂರ್ತಿ ನಿಷೇಧಿಸಿತು, ಅದನ್ನು ಕತ್ತರಿಸುವ ಯುವಕರು ಸಿಲಿಕೋಸಿಸ್‌ಗೆ ತುತ್ತಾಗುತ್ತಿದ್ದಾರೆ ಎಂಬ ಕಾರಣಕ್ಕೆ. ಅಂಥ ಹಲಗೆಗಳನ್ನು ನಮ್ಮ ಊರುಗಳ ಅಂಗಡಿಗಳಲ್ಲಿ ಸಾಲಾಗಿ ನಿಲ್ಲಿಸಿ ಮಾರುತ್ತಾರೆ.

ಪಕ್ಕದ ಸಂಡೂರನ್ನೂ ನೆನೆಯಬೇಕು. ಚೀನಾ ಕಬ್ಬಿಣಕ್ಕಾಗಿ ಬಾಯಿ ತೆರೆದ ಆ ವರ್ಷಗಳಲ್ಲಿ ಅದಿರಿನ ಲಾರಿಗಳು ಹಗಲು ರಾತ್ರಿ ಓಡಿ ರಸ್ತೆಬದಿಯ ಜೋಳ, ಮನೆ, ಬಾವಿ ಎಲ್ಲವನ್ನೂ ಕೆಂಪು ಮಾಡಿದ್ದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಲೂಟಿಯಾದ ಅದಿರಿನ ಟನ್ನುಗಳನ್ನು ಎಣಿಸಿದರು, ಎಣಿಸಬೇಕಾದ್ದೇ. ಆ ದೂಳಿನಲ್ಲಿ ಲಾರಿ ತುಂಬಿದ ಕೂಲಿಗಳ ಎದೆಯ ಎಕ್ಸ್‌ರೇ ಎಣಿಸಿದವರ ಸುದ್ದಿ ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ. ಎರಡು ದೊಡ್ಡ ದೇಶಗಳು ಒಟ್ಟಿಗೆ ಬೆಳೆದವು ಎಂದು ಅರ್ಥಶಾಸ್ತ್ರ ಬರೆದುಕೊಂಡಿತು. ಬೆಳವಣಿಗೆಯ ದರ ಮೂರು ತಿಂಗಳಿಗೊಮ್ಮೆ ಪತ್ರಿಕೆಯಲ್ಲಿ ಬರುತ್ತದೆ, ಉಸಿರು ಕಳೆದುಕೊಂಡವರ ದರ ಎರಡು ದಶಕ ತಡವಾಗಿ ಯಾವುದೋ ವೈದ್ಯಕೀಯ ನಿಯತಕಾಲಿಕೆಯಲ್ಲಿ ಬರುತ್ತದೆ. ಆ ಹೊತ್ತಿಗೆ ಒಂದು ಇನ್ನೊಂದಕ್ಕೆ ಕಾರಣ ಎಂದು ಜೋಡಿಸಿ ಓದುವವರು ಯಾರೂ ಉಳಿದಿರುವುದಿಲ್ಲ.

ಇಟಲಿಯಲ್ಲಿ ಬರ್ನಾರ್ಡಿನೋ ರಮಾಜಿನಿ ಎಂಬ ವೈದ್ಯ 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ಕಲ್ಲುಕುಟಿಗರು, ಗಣಿಯವರು, ಕಾಳು ಕೇರುವವರು, ಸೂಲಗಿತ್ತಿಯರು ಎಲ್ಲರನ್ನೂ ಅವರವರ ಕೆಲಸದ ಜಾಗಕ್ಕೇ ಹೋಗಿ ನೋಡಿ ಬರೆದದ್ದು. ರೋಗಿಗೆ ವೈದ್ಯ ಕೇಳುವ ಪ್ರಶ್ನೆಗಳಿಗೆ ಆತ ಇನ್ನೊಂದನ್ನು ಸೇರಿಸಿದ: ನಿಮ್ಮ ಕೆಲಸ ಏನು? ಮುನ್ನೂರು ವರ್ಷ ಹಳೆಯ ಈ ಪ್ರಶ್ನೆ ನನಗೆ ಬರೀ ವೈದ್ಯಕೀಯದ್ದಾಗಿ ಕಾಣುವುದಿಲ್ಲ. ಬೀಡಿಯ ಬಗ್ಗೆ ಕೇಳುವಾಗ ನಾವು ರೋಗಿಯನ್ನು ಕಟಕಟೆಯಲ್ಲಿ ನಿಲ್ಲಿಸುತ್ತೇವೆ. ಕೆಲಸದ ಬಗ್ಗೆ, ಒಲೆಯ ಬಗ್ಗೆ ಕೇಳಿದರೆ ಉತ್ತರ ನಮ್ಮ ಕಡೆಗೂ ತಿರುಗುತ್ತದೆ. ಆಕೆ ಸುಟ್ಟ ರೊಟ್ಟಿ ತಿಂದವರು ನಾವು. ಆತ ಹಾಸಿದ ಟೈಲ್ಸ್ ಮೇಲೆ ಬರಿಗಾಲಲ್ಲಿ ನಡೆದವರು ನಾವು. ನಾವು ಆ ಪ್ರಶ್ನೆ ಕೇಳದೆ ಇರುವುದಕ್ಕೆ ಮರೆವು ಕಾರಣವೆಂದು ನನಗೆ ಅನ್ನಿಸುವುದಿಲ್ಲ.

ಆ ಪ್ರಶ್ನೆ ಕಾಗದದ ಮೇಲೆ ಈಗಾಗಲೇ ಇಟ್ಟಿಗಿಯ ಮನೆಬಾಗಿಲಿಗೂ ಬಂದಿದೆ. ಮೂವತ್ತು ದಾಟಿದವರ ಆರೋಗ್ಯ ವಿಚಾರಿಸಲು ಆಶಾ ಕಾರ್ಯಕರ್ತೆಯರು ಒಂದು ಪಟ್ಟಿ ಹಿಡಿದು ಬರುತ್ತಾರೆ, ಸಿಬ್ಯಾಕ್ ಎನ್ನುತ್ತಾರೆ ಅದಕ್ಕೆ. ಅದರಲ್ಲಿ ಯಾವ ಇಂಧನದಿಂದ ಅಡುಗೆ ಎಂದು ಕೇಳಿದೆ: ಕಟ್ಟಿಗೆಯೋ, ಬೆಳೆಯ ಕಸವೋ, ಕುಳ್ಳೋ, ಗ್ಯಾಸೋ. ದೂಳು ಹೊಗೆಯ ಕೆಲಸ ಮಾಡಿದ್ದೀರಾ ಎಂದೂ ಕೇಳಿದೆ. ಪಟ್ಟಿ ಮಾಡಿದವರಿಗೆ ನಮಸ್ಕಾರ. ಆದರೆ ಅಂಕ ಕೊಡುವ ಭಾಗ ಬೇರೆಯೇ ಇದೆ. ವಯಸ್ಸಿಗೆ ಅಂಕ, ತಂಬಾಕಿಗೆ ಅಂಕ, ಕುಡಿತಕ್ಕೆ ಅಂಕ, ಸೊಂಟದ ಸುತ್ತಳತೆಗೆ, ಮೈಗೆ ವ್ಯಾಯಾಮ ಇದೆಯೋ ಇಲ್ಲವೋ ಎಂಬುದಕ್ಕೆ, ಮನೆತನದ ಕಾಯಿಲೆಗೆ ಅಂಕ. ನಾಲ್ಕು ದಾಟಿದವರನ್ನು ತಪಾಸಣೆಗೆ ಮೊದಲು ಕರೆಯಬೇಕು. ಇಂಧನದ ಪ್ರಶ್ನೆಗೆ, ಕೆಲಸದ ಪ್ರಶ್ನೆಗೆ ಸುತ್ತು ಹಾಕಬೇಕು ಅಷ್ಟೆ, ಅಂಕವಿಲ್ಲ. ಕೆಮ್ಮು, ಏದುಸಿರು ಆಗಲೇ ಶುರುವಾಗಿದ್ದರೆ ಆಸ್ಪತ್ರೆಗೆ ಕಳಿಸುವ ದಾರಿಯಿದೆ. ಐವತ್ತು ಮುಟ್ಟಿ ಇನ್ನೂ ಕೆಮ್ಮದ ಸೊಸೆಗೆ, ಅಂದರೆ ಗಂಟೆ ಮತ್ತು ವರ್ಷ ಗುಣಿಸಿದರೆ ಐವತ್ತು ಬರುವವಳಿಗೆ, ಆ ಹೊಗೆಯ ಲೆಕ್ಕದಲ್ಲಿ ಪಟ್ಟಿ ಕೊಡುವುದು ಸೊನ್ನೆ. ಬೀಡಿಯ ಪ್ರಶ್ನೆಯನ್ನು ನಮ್ಮಷ್ಟೇ ಗಟ್ಟಿಯಾಗಿ ಸರ್ಕಾರದ ಕಾಗದವೂ ಕೇಳುತ್ತಿದೆ.

ಆ ಸುತ್ತು ಹಾಕಿದ ಉತ್ತರದ ಪಕ್ಕದಲ್ಲಿ ಗಂಟೆಗೊಂದು, ವರ್ಷಕ್ಕೊಂದು ಎಂದು ಎರಡು ಚೌಕ ಬರಲಿ. ಅವೆರಡರ ಗುಣಾಕಾರ ನಲವತ್ತು ದಾಟಿದ ಮನೆಗಳ ಪಟ್ಟಿ ಗ್ರಾಮ ಪಂಚಾಯಿತಿಯ ಮೇಜಿಗೆ ಹೋಗಲಿ, ಹೊಗೆಕೊಳವೆಯೋ ಹೆಚ್ಚಿನ ಸಿಲಿಂಡರೋ ಮೊದಲು ಆ ಮನೆಗಳಿಗೆ ಸಿಗಲಿ, ಕೊಳವೆಯ ಮಸಿ ತೆಗೆಯುವ ಕೆಲಸಕ್ಕೆ ಹ್ಯಾಂಡ್‌ಪಂಪಿಗಿರುವಂತೆ ಒಬ್ಬ ಮನುಷ್ಯ ಇರಲಿ. ಊದಿ ಉಸಿರಿನ ಬಲ ಅಳೆಯುವ ಸಣ್ಣ ಕೊಳವೆಮೀಟರು ಉಪಕೇಂದ್ರದಲ್ಲಿರಲಿ, ಅದು ದುಬಾರಿಯ ವಸ್ತುವಲ್ಲ. ಗುಳೆಯಿಂದ ಹಬ್ಬಕ್ಕೆ ಬಂದವನ ಕಫ ಪರೀಕ್ಷೆಯ ಚೀಟಿಯಲ್ಲಿ ಆತ ಎಷ್ಟು ವರ್ಷ ಏನು ಕತ್ತರಿಸಿದ, ನೀರು ಬಿಟ್ಟು ಕತ್ತರಿಸಿದನೋ ಒಣಗಲ್ಲನ್ನೇ ಕತ್ತರಿಸಿದನೋ ಎಂಬ ಒಂದು ಸಾಲು ಇರಲಿ. ಆ ಸಾಲು ಇದ್ದರೆ ನಾಳೆ ಪರಿಹಾರ ಕೇಳಲು ಆತನ ಹೆಂಡತಿಯ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.